ನರಕೋಶ ಒಂದು ಸಲ ಮಿಡಿದರೆ ಎಷ್ಟು ಖರ್ಚು? ಆ ಮಿಡಿತದಲ್ಲಿ ಸುದ್ದಿ ಎಲ್ಲಿದೆ?

ಪ್ರಶ್ನೆಪೆಟ್ಟಿಗೆ

ನಾನು ಲೆಕ್ಕಪತ್ರದ ಕೆಲಸದವನು. ಜೀವಶಾಸ್ತ್ರಕ್ಕೆ ಹತ್ತನೇ ತರಗತಿಯಲ್ಲೇ ಕೈ ಮುಗಿದೆ. ಆದರೆ ಮೊನ್ನೆಯಿಂದ ಒಂದು ಖರ್ಚಿನ ಬಾಬ್ತು ತಲೆ ತಿನ್ನುತ್ತಿದೆ.

ಮೆದುಳಿನ ತೂಕ ಸುಮಾರು 1.4 ಕೆ.ಜಿ. ದೇಹದ ತೂಕದ 2% ಅಷ್ಟೇ. ಆದರೆ ನಾವು ಸುಮ್ನೆ ಕೂತಾಗ ದೇಹ ಸುಡುವ ಶಕ್ತಿಯಲ್ಲಿ 20% ಅದೊಂದೇ ತಿಂದು ಹಾಕುತ್ತದೆ. ವ್ಯಾಟ್ ಲೆಕ್ಕದಲ್ಲಿ ಸುಮಾರು 20. ಹೃದಯ ರಕ್ತ ದೂಡುತ್ತದೆ, ಸ್ನಾಯು ಭಾರ ಎತ್ತುತ್ತದೆ. ಮೆದುಳು ಏನು ಎತ್ತುತ್ತದೆ? ಕೂತಲ್ಲೇ ಕೂತಿರುತ್ತದೆ. ದುಡ್ಡು ಯಾವ ಖಾತೆಗೆ ಹೋಗುತ್ತಿದೆ?

ಎರಡನೇದು. ನರಕೋಶದ ಮಿಡಿತಗಳೆಲ್ಲ ಒಂದೇ ಅಚ್ಚಿನವು ಅಂತ ಓದಿದೆ. ಒಂದೇ ಎತ್ತರ, ಒಂದೇ ಅಗಲ. ಹಾಗಿದ್ದರೆ ಕೆಂಪು ಬಣ್ಣಕ್ಕೂ ಹಲ್ಲುನೋವಿಗೂ ವ್ಯತ್ಯಾಸ ಎಲ್ಲಿ ಅಡಗಿದೆ?

ಸೋರುವಕೊಡ

ನನ್ನ ಹೊಟ್ಟೆಪಾಡೇ ಇದು. ಇಲಿಯ ಮೆದುಳಿನ ತೆಳು ಹೋಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದೊಂದೇ ನರಕೋಶಕ್ಕೆ ಗಾಜಿನ ಸಣ್ಣ ನಳಿಗೆ ಅಂಟಿಸಿ ವೋಲ್ಟೇಜ್ ಅಳೆಯುತ್ತೇನೆ. ನನ್ನ ಅಡ್ಡಹೆಸರು ಬಂದದ್ದೂ ಅಲ್ಲಿಂದಲೇ. ನರಕೋಶ ಅಂದರೆ ಸೋರುವ ಕೊಡ.

ಕೋಶದ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಶಿಯಂ ಜಾಸ್ತಿ. ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗೆ. ಈ ವ್ಯತ್ಯಾಸ ತಾನಾಗಿ ನಿಲ್ಲುವುದಿಲ್ಲ. ಸೋಡಿಯಂ ಸಂದಿಯಲ್ಲೆಲ್ಲ ಒಳಗೆ ಜಿನುಗುತ್ತಲೇ ಇರುತ್ತದೆ. ಅದನ್ನು ಎತ್ತಿ ಹೊರಹಾಕಲು ಪೊರೆಯಲ್ಲಿ ಪಂಪ್‌ಗಳಿವೆ. 3 ಸೋಡಿಯಂ ಹೊರಗೆ, 2 ಪೊಟ್ಯಾಶಿಯಂ ಒಳಗೆ. ಇಷ್ಟಕ್ಕೆ ಒಂದು ಎಟಿಪಿ ಖರ್ಚು. ಎಟಿಪಿ ಅಂದರೆ ಕೋಶ ಶಕ್ತಿಗೆ ಬಳಸುವ ಅಣು, ಅದರ ಚಿಲ್ಲರೆ ನಾಣ್ಯ. 1957ರಲ್ಲಿ ಯೆನ್ಸ್ ಸ್ಕೂ ಏಡಿಯ ನರದಲ್ಲಿ ಇದನ್ನು ಗುರುತಿಸಿದರು. ನೊಬೆಲ್ ಬಂದದ್ದು 1997ರಲ್ಲಿ, 40 ವರ್ಷ ಕಾದ ಮೇಲೆ.

ಈಗ ಮಿಡಿತ. ನಾವು ಅದನ್ನು ಸ್ಪೈಕ್ ಅನ್ನುತ್ತೇವೆ. ವೋಲ್ಟೇಜ್ ಒಂದು ಹೊಸ್ತಿಲು ದಾಟಿದ ತಕ್ಷಣ ಸೋಡಿಯಂ ಬಾಗಿಲುಗಳು ಪಟಪಟನೆ ತೆರೆಯುತ್ತವೆ. ಸೋಡಿಯಂ ನುಗ್ಗುತ್ತದೆ, ವೋಲ್ಟೇಜ್ +40ರ ಹತ್ತಿರಕ್ಕೆ ಹಾರುತ್ತದೆ. ಆ ಬಾಗಿಲು ಮುಚ್ಚಿ ಪೊಟ್ಯಾಶಿಯಂ ಬಾಗಿಲು ತೆರೆಯುತ್ತದೆ, ವೋಲ್ಟೇಜ್ ಕೆಳಗಿಳಿಯುತ್ತದೆ. ಎಲ್ಲ ಸೇರಿ ಒಂದು ಮಿಲಿಸೆಕೆಂಡ್ ಆಸುಪಾಸು.

ನಿಮ್ಮ ಭಾಷೆಯಲ್ಲಿ ಹೇಳುತ್ತೇನೆ. ಸ್ಪೈಕ್ ಆಗುವ ಆ ಗಳಿಗೆಯಲ್ಲಿ ಒಂದು ಪೈಸೆ ಖರ್ಚಿಲ್ಲ! ಅಯಾನುಗಳು ಇಳಿಜಾರಿನಲ್ಲಿ ಉರುಳುತ್ತವೆ, ಅಷ್ಟೇ. ಅದು ಸಾಲದ ಖರೀದಿ. ಬಿಲ್ಲು ಆಮೇಲೆ ಬರುತ್ತದೆ, ಕಟ್ಟುವುದು ಪಂಪ್. ನೀವು ಕೇಳಿದ "ಮೆದುಳು ಏನು ಎತ್ತುತ್ತದೆ" ಅನ್ನುವುದಕ್ಕೆ ಉತ್ತರ ಸೋಡಿಯಂ. ಹಗಲೂ ರಾತ್ರಿ ಸೋಡಿಯಂ ಎತ್ತಿ ಹೊರಗೆ ಸುರಿಯುವುದೇ ಅದರ ಕೂಲಿ.

ಅನುಮಾನರಾಯ

ಇಷ್ಟೆಲ್ಲ ಖರ್ಚಾದರೆ ಕಷ್ಟದ ಲೆಕ್ಕ ಮಾಡಿದವರೆಲ್ಲ ಸೊರಗಬೇಕಿತ್ತು. ಚೆಸ್ ಆಡುತ್ತಾ ದಿನಕ್ಕೆ ಸಾವಿರಾರು ಕ್ಯಾಲರಿ ಸುಡುತ್ತಾರೆ ಅಂತ ಎಲ್ಲೆಲ್ಲೂ ಹಂಚುತ್ತಾರೆ. ನಿಜವಾ?

ಸೋರುವಕೊಡ

ಮೆದುಳಿನ ಲೆಕ್ಕದಲ್ಲಂತೂ ಅಲ್ಲ. ಲೂಯಿ ಸೋಕೊಲೋಫ್ ಮತ್ತು ಜೊತೆಗಾರರು 1955ರಲ್ಲೇ ಇದನ್ನು ಅಳೆದರು. ಮಲಗಿರುವವರಿಗೆ ಮನಸ್ಸಿನಲ್ಲೇ ಲೆಕ್ಕ ಮಾಡಲು ಕೊಟ್ಟು, ಇಡೀ ಮೆದುಳು ಬಳಸುವ ಆಮ್ಲಜನಕ ಎಷ್ಟು ಅಂತ ನೋಡಿದರು. ಏರಲೇ ಇಲ್ಲ. ಈಗಿನ ಸೂಕ್ಷ್ಮ ಅಳತೆಗಳಲ್ಲೂ ಒಂದು ಕೆಲಸಕ್ಕೆ ಅಂತ ಏರುವುದು ಸಾಮಾನ್ಯವಾಗಿ 5% ಒಳಗೆ, ಅದೂ ಆ ಕೆಲಸದ ಭಾಗದಲ್ಲಿ ಮಾತ್ರ. ಪಾಪ, ಇಡೀ ಮೆದುಳೇ 5% ಏರಿತು ಅಂದುಕೊಳ್ಳಿ. 20 ವ್ಯಾಟ್‌ನಲ್ಲಿ 1 ವ್ಯಾಟ್. ಒಂದು ಗಂಟೆ ತಲೆ ಕೆರೆದುಕೊಂಡರೆ 3,600 ಜೂಲ್. ಒಂದು ಕಿಲೋಕ್ಯಾಲರಿ ಕೂಡ ಆಗಲಿಲ್ಲ. ಚೆಸ್ ಆಟಗಾರರ ಎದೆ ಡವಡವ ಅನ್ನುವುದು, ಬೆವರುವುದು ಬೇರೆ ಮಾತು. ಅದು ಒತ್ತಡ, ಯೋಚನೆಯ ಬಿಲ್ಲಲ್ಲ.

ಅನುಮಾನರಾಯ

ಸರಿ. ಆದರೆ ಇದು ಪ್ರಶ್ನೆಯನ್ನು ಇನ್ನೂ ದೊಡ್ಡದು ಮಾಡಿತು. ಯೋಚಿಸಿದರೂ ಅಷ್ಟೇ, ಯೋಚಿಸದಿದ್ದರೂ ಅಷ್ಟೇ ಅಂದರೆ ಮಾಹಿತಿಗೂ ಖರ್ಚಿಗೂ ಏನು ಸಂಬಂಧ? ಬರೀ ಬಾಡಿಗೆ ಕಟ್ಟಿದ ಹಾಗಾಯಿತಲ್ಲ.

ಎರಡನೇವರ್ಷ

ಮೊದಲು ಹಲ್ಲುನೋವಿನ ಪ್ರಶ್ನೆಗೆ ನಾನು ಉತ್ತರಿಸಲಾ? ಪರೀಕ್ಷೆಗೆ ಓದಿದ್ದು ಇನ್ನೂ ಬಿಸಿಯಾಗಿದೆ.

ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಹೊರ ಮೂಲೆಯಲ್ಲಿ ಬೆರಳಿಂದ ಮೆಲ್ಲಗೆ ಒತ್ತಿ. ಎದುರು ಬದಿಯಲ್ಲಿ ಒಂದು ಮಂಕಾದ ಬೆಳಕಿನ ಬಳೆ ಕಾಣುತ್ತದೆ. ಬೆಳಕು ಇಲ್ಲವೇ ಇಲ್ಲ, ಇದ್ದದ್ದು ಒತ್ತಡ. ಆದರೂ ಮೆದುಳು "ಬೆಳಕು" ಅನ್ನುತ್ತದೆ. ಯಾಕೆಂದರೆ ಆ ತಂತಿಯಲ್ಲಿ ಏನೇ ಬಂದರೂ ಅದು ಬೆಳಕೇ. ಮಿಡಿತ ಒಂದೇ ಅಚ್ಚು, ಆದರೆ ಯಾವ ಮನೆಯಿಂದ ಹೊರಟು ಯಾವ ಮನೆಗೆ ಹೋಯಿತು ಅನ್ನುವುದರಲ್ಲಿ ಅರ್ಥ ಇದೆ.

ಎಷ್ಟು ಜೋರು ಅನ್ನುವುದು ಬೇರೆ. ಅದನ್ನು ತೋರಿಸಿದ್ದು ಎಡ್ಗರ್ ಏಡ್ರಿಯನ್ ಮತ್ತು ಯಿಂಗ್ವೆ ಸೋಟರ್‌ಮನ್, 1926ರಲ್ಲಿ. ಕಪ್ಪೆಯ ಸ್ನಾಯುವಿಗೆ ತೂಕ ಕಟ್ಟಿ, ಅದರಿಂದ ಹೊರಟ ಒಂದೇ ನರತಂತುವನ್ನು ಆಲಿಸಿದರು. ತೂಕ ಹೆಚ್ಚಿಸಿದರೆ ಸ್ಪೈಕ್ ದೊಡ್ಡದಾಗಲಿಲ್ಲ, ಬೇಗ ಬೇಗ ಬಂತು. ಏಡ್ರಿಯನ್‌ಗೆ 1932ರಲ್ಲಿ ಶೆರಿಂಗ್ಟನ್ ಜೊತೆ ನೊಬೆಲ್. ಸೆಕೆಂಡಿಗೆ ಎಷ್ಟು ಸ್ಪೈಕ್ ಅನ್ನುವುದೇ ಸುದ್ದಿ. ಅಲ್ಲಿಗೆ ಮುಗಿಯಿತು.

ಸೋರುವಕೊಡ

"ಮುಗಿಯಿತು" ಅಂದಿದ್ದಕ್ಕೆ ಅಂಕ ಕಟ್. 🙂 ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯ ಇದೆ, ಎಲ್ಲರೂ ಹಾರಿಸಿಬಿಡುತ್ತಾರೆ. ತೂಕವನ್ನು ಹಾಗೇ ಬಿಟ್ಟರೆ ಸ್ಪೈಕ್‌ಗಳು ನಿಧಾನಕ್ಕೆ ಕಡಿಮೆಯಾಗುತ್ತಾ ಬಂದವು. ತೂಕ ಅಷ್ಟೇ ಇದೆ, ಆದರೆ ನರ ಅದನ್ನೇ ಮತ್ತೆ ಮತ್ತೆ ಹೇಳುವುದಿಲ್ಲ. ಗೊತ್ತಿರುವ ಸುದ್ದಿಗೆ ಯಾಕೆ ದುಡ್ಡು ಸುರಿಯಬೇಕು? 1961ರಲ್ಲಿ ಹೊರೇಸ್ ಬಾರ್ಲೋ ಇದನ್ನೇ ಒಂದು ತತ್ವದ ಮಟ್ಟಕ್ಕೆ ಏರಿಸಿದರು. ಇಂದ್ರಿಯಗಳಿಂದ ಬರುವುದರಲ್ಲಿ ಪುನರುಕ್ತಿ ತುಂಬ. ಅದನ್ನು ತೆಗೆದುಹಾಕಿ ಆದಷ್ಟು ಕಡಿಮೆ ಸ್ಪೈಕ್‌ಗಳಲ್ಲಿ ಹೇಳುವುದೇ ನರಕೋಶಗಳ ಕಸುಬು ಅಂತ.

ಪ್ರಶ್ನೆಪೆಟ್ಟಿಗೆ

ಒಂದು ಸ್ಪೈಕ್‌ಗೆ ಎಷ್ಟು ಎಟಿಪಿ? ದಯವಿಟ್ಟು ಸಂಖ್ಯೆ ಕೊಡಿ. ಸಂಖ್ಯೆ ಇಲ್ಲದೆ ನನಗೆ ನಿದ್ದೆ ಬರುವುದಿಲ್ಲ.

ಸೋರುವಕೊಡ

ಡೇವಿಡ್ ಆಟ್‌ವೆಲ್ ಮತ್ತು ಸೈಮನ್ ಲಾಫ್ಲಿನ್ 2001ರಲ್ಲಿ ಇಲಿಯ ಮೆದುಳಿಗೆ ಒಂದು ಬಜೆಟ್ ಬರೆದರು. ನಿಮಗೆ ಇಷ್ಟವಾಗುತ್ತದೆ, ಅಕ್ಷರಶಃ ಜಮಾ-ಖರ್ಚು. ಒಂದು ನರಕೋಶದ ಒಂದು ಸ್ಪೈಕ್‌ಗೆ ಸುಮಾರು 38 ಕೋಟಿ ಎಟಿಪಿ ಅಂತ ಬಂತು.

ಪ್ರಶ್ನೆಪೆಟ್ಟಿಗೆ

ಕೂತು ಲೆಕ್ಕ ಹಾಕಿದೆ. ಮನುಷ್ಯನ ಮೆದುಳಿನಲ್ಲಿ 8,600 ಕೋಟಿ ನರಕೋಶ. ಒಂದೊಂದೂ ಸೆಕೆಂಡಿಗೆ 100 ಸಲ ಮಿಡಿಯುತ್ತದೆ ಅಂದುಕೊಂಡೆ. ಸ್ಪೈಕ್‌ಗೆ 38 ಕೋಟಿ ಎಟಿಪಿ. ಕೋಶದೊಳಗೆ ಒಂದು ಮೋಲ್ ಎಟಿಪಿ ಸುಮಾರು 50 ಕಿಲೋಜೂಲ್ ಕೊಡುತ್ತದೆ. ಉತ್ತರ 260 ವ್ಯಾಟ್ ದಾಟುತ್ತಿದೆ! ಇಡೀ ದೇಹ ಸುಮ್ನೆ ಕೂತಾಗ ಬಳಸುವುದೇ 100 ವ್ಯಾಟ್ ಆಸುಪಾಸು. ಎಲ್ಲಿ ತಪ್ಪಿದೆ?

ಎರಡನೇವರ್ಷ

8,600 ಕೋಟಿಯಲ್ಲಿ ಬಹುಪಾಲು ಚಿಕ್ಕಮೆದುಳಿನ ಪುಟ್ಟ ಪುಟ್ಟ ಕೋಶಗಳು. ಅವುಗಳ ಸ್ಪೈಕ್ ಅಗ್ಗ. ದೊಡ್ಡ ಮೆದುಳಿನ ತೊಗಟೆಯಲ್ಲಿ ಇರುವುದು ಸುಮಾರು 1,600 ಕೋಟಿ ಮಾತ್ರ. ಅಷ್ಟನ್ನೇ ಹಿಡಿದರೆ 50 ವ್ಯಾಟ್ ಹತ್ತಿರ ಬರುತ್ತದೆ.

ಸೋರುವಕೊಡ

ಹೌದು. ಇನ್ನೊಂದು ತಿದ್ದುಪಡಿ ಇದೆ, ಅದು ಸ್ವಾರಸ್ಯದ ಕಥೆ.

38 ಕೋಟಿ ಅನ್ನುವುದರ ಹಿಂದೆ ಒಂದು ಸ್ಕ್ವಿಡ್, ಅಂದರೆ ಮೆತ್ತನೆ ಮೈಯ ಕಡಲಪ್ರಾಣಿ, ಇದೆ. ಹಾಜ್ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಪೈಕ್‌ನ ಗಣಿತ ಬರೆದದ್ದು ಸ್ಕ್ವಿಡ್‌ನ ದೈತ್ಯ ಆಕ್ಸಾನ್ ಮೇಲೆ. ಆಕ್ಸಾನ್ ಅಂದರೆ ಸ್ಪೈಕ್ ಸಾಗಿಸುವ ನರಕೋಶದ ಉದ್ದನೆಯ ತಂತು. ಒಂದು ಮಿಲಿಮೀಟರ್‌ವರೆಗೂ ದಪ್ಪ ಇರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಆ ಆಕ್ಸಾನ್‌ನಲ್ಲಿ ಸೋಡಿಯಂ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಪೊಟ್ಯಾಶಿಯಂ ಬಾಗಿಲು ತೆರೆದುಬಿಡುತ್ತದೆ. ಒಂದು ಒಳಗೆ, ಇನ್ನೊಂದು ಹೊರಗೆ, ಒಂದನ್ನೊಂದು ಹೊಡೆದುಹಾಕುತ್ತವೆ. ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ ಹಾಗೆ. ಬೇಕಾದ್ದಕ್ಕಿಂತ ಸುಮಾರು 4 ಪಟ್ಟು ಸೋಡಿಯಂ ಒಳಗೆ ಬರುತ್ತದೆ. ದಶಕಗಟ್ಟಲೆ ಎಲ್ಲರೂ ಈ 4 ಪಟ್ಟನ್ನು ನಮ್ಮಂಥ ಪ್ರಾಣಿಗಳಿಗೂ ಹಾಗೇ ಅನ್ವಯಿಸಿದರು. 2009ರಲ್ಲಿ ಇಲಿಯ ಹಿಪ್ಪೊಕ್ಯಾಂಪಸ್ (ಮೆದುಳಿನ ಒಂದು ಭಾಗ) ಆಕ್ಸಾನ್‌ನಲ್ಲಿ ನೇರವಾಗಿ ಅಳೆದಾಗ ಸಿಕ್ಕಿದ್ದು 1.3 ಪಟ್ಟು ಮಾತ್ರ. ಸೋಡಿಯಂ ಬಾಗಿಲು ಚಟಕ್ಕನೆ ಮುಚ್ಚಿದ ಮೇಲೇ ಪೊಟ್ಯಾಶಿಯಂ ಸರದಿ. ಬೆಚ್ಚಗಿನ ರಕ್ತವೂ ನೆರವಾಗುತ್ತದೆ, ಬಿಸಿಯಲ್ಲಿ ಬಾಗಿಲು ಬೇಗ ಮುಚ್ಚುತ್ತದೆ.

ಸ್ಕ್ವಿಡ್ ದಡ್ಡ ಅಂತಲ್ಲ. ಅದು ಆ ಆಕ್ಸಾನ್ ಬಳಸುವುದು ಜೀವ ಉಳಿಸಿಕೊಂಡು ಓಡಲು. ಅಪರೂಪಕ್ಕೆ ಬಳಸುವ ವಸ್ತುವಿನಲ್ಲಿ ಯಾರು ಉಳಿತಾಯ ನೋಡುತ್ತಾರೆ?

ಹಾಗಾಗಿ 38 ಕೋಟಿಯನ್ನು 12-13 ಕೋಟಿಗೆ ಇಳಿಸಿ. ಈಗ ಸ್ಪೈಕ್‌ಗಳ ಒಟ್ಟು ಖರ್ಚು 16 ವ್ಯಾಟ್ ಬರುತ್ತದೆ.

ಪ್ರಶ್ನೆಪೆಟ್ಟಿಗೆ

ಅಬ್ಬಾ, 20ರ ಒಳಗೆ ಬಂತು. ಲೆಕ್ಕ ಚುಕ್ತಾ.

ಸೋರುವಕೊಡ

ಅವಸರ ಬೇಡ. ಸ್ಪೈಕ್ ಆಕ್ಸಾನ್ ತುದಿಗೆ ಹೋದ ಮೇಲೆ ಸಿನಾಪ್ಸ್‌ನಲ್ಲಿ, ಅಂದರೆ ಎರಡು ಕೋಶಗಳು ಸೇರುವ ಜಾಗದಲ್ಲಿ, ರಾಸಾಯನಿಕ ಬಿಡುಗಡೆಯಾಗುತ್ತದೆ, ಆಚೆ ಕೋಶದ ಬಾಗಿಲು ತೆರೆಯುತ್ತವೆ, ಅಲ್ಲಿಗೂ ಸೋಡಿಯಂ ನುಗ್ಗುತ್ತದೆ. ತಿದ್ದಿದ ಬಜೆಟ್‌ನಲ್ಲಿ ಸಂಕೇತಗಳಿಗೆ ಆಗುವ ಖರ್ಚಿನ ಅರ್ಧದಷ್ಟು ಇಲ್ಲೇ. ಸ್ಪೈಕ್‌ನ ಪಾಲು ಐದರಲ್ಲಿ ಒಂದು. ಸುಮ್ನೆ ಕೂತಿರುವ ಬಾಡಿಗೆ ಇನ್ನೊಂದು ಐದನೇ ಒಂದು. ಅಂದರೆ ನಿಮ್ಮ 16 ವ್ಯಾಟ್‌ಗೆ ಸಿನಾಪ್ಸ್ ಸೇರಿಸಿ. ಮತ್ತೆ 50 ದಾಟಿತು. ಮೇಲಾಗಿ ಇದು ಇಲಿಯ ರೇಟು. ನಮ್ಮ ನರಕೋಶಗಳು ಇನ್ನೂ ದೊಡ್ಡವು.

ತಪ್ಪಿರುವುದು ಸೆಕೆಂಡಿಗೆ 100 ಸಲ ಅಂದುಕೊಂಡದ್ದರಲ್ಲಿ. ಪೀಟರ್ ಲೆನಿ 2003ರಲ್ಲಿ ಇದೇ ಲೆಕ್ಕವನ್ನು ತಿರುವಿ ಹಾಕಿದರು. ಇರುವ ದುಡ್ಡು ಇಷ್ಟು, ಹಾಗಾದರೆ ಎಷ್ಟು ಮಿಡಿಯಬಹುದು ಅಂತ. ತೊಗಟೆಯ ನರಕೋಶಕ್ಕೆ ಸರಾಸರಿ ಸೆಕೆಂಡಿಗೆ 0.16 ಸ್ಪೈಕ್ ಅಂತ ಅಂದಾಜು ಬಂತು. ಆರು ಸೆಕೆಂಡಿಗೆ ಒಂದು! ಒಂದೇ ಹೊತ್ತಿಗೆ ಜೋರಾಗಿ ಮಿಡಿಯಬಹುದಾದ ಕೋಶಗಳು 1%ಗಿಂತ ಕಡಿಮೆ.

ಓಮ್ಮೀಟರ್

ನಾನು ಸರ್ಕ್ಯೂಟ್ ಕಡೆಯವನು. 1% ಬಳಸಿ 99% ಸುಮ್ನೆ ಇಡುವ ವಿನ್ಯಾಸ ನಾನು ತಂದರೆ ನಮ್ಮ ಮ್ಯಾನೇಜರ್ ಒಪ್ಪುವುದಿಲ್ಲ. ಇದು ದುಂದಲ್ವಾ?

ಸೋರುವಕೊಡ

ಇಲ್ಲಿಯೇ ಅನುಮಾನರಾಯರ ಪ್ರಶ್ನೆಗೂ ಉತ್ತರ ಇದೆ. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗವೂ ಇದೇ. ಹತ್ತು ದೀಪ ಇಟ್ಟುಕೊಂಡು ನೋಡೋಣ.

ಹತ್ತರಲ್ಲಿ ಐದು ಹೊತ್ತಿಸಬೇಕು ಅಂದುಕೊಳ್ಳಿ. ಯಾವ ಐದು ಅನ್ನುವುದಕ್ಕೆ 252 ದಾರಿ ಇದೆ. ಅಂದರೆ ಸುಮಾರು 8 ಬಿಟ್ ಮಾಹಿತಿ. ಒಂದು ಬಿಟ್ ಅಂದರೆ ಒಂದು ಹೌದು-ಅಲ್ಲ ಪ್ರಶ್ನೆಗೆ ಉತ್ತರ. ಖರ್ಚು ಐದು ದೀಪ. ದೀಪಕ್ಕೆ 1.6 ಬಿಟ್ ಸಿಕ್ಕಿತು.

ಈಗ ಒಂದೇ ಒಂದು ದೀಪ ಹೊತ್ತಿಸಿ. ಯಾವುದು ಅನ್ನುವುದಕ್ಕೆ 10 ದಾರಿ. ಸುಮಾರು 3.3 ಬಿಟ್. ಖರ್ಚು ಒಂದು ದೀಪ. ಒಂದು ದೀಪಕ್ಕೆ ಸಿಕ್ಕುವ ಮಾಹಿತಿ ದುಪ್ಪಟ್ಟಾಯಿತು. ನೂರರಲ್ಲಿ ಒಂದಾದರೆ 6.6 ಬಿಟ್. ಆರಿರುವ 99 ದೀಪಗಳೂ ಇಲ್ಲಿ ಮಾತಾಡುತ್ತಿವೆ. "ನಾನಲ್ಲ, ನಾನಲ್ಲ" ಅನ್ನುತ್ತಿವೆ. ಮಾತು ಬೆಳ್ಳಿ ಮೌನ ಬಂಗಾರ ಅನ್ನುತ್ತೇವಲ್ಲ, ಇಲ್ಲಿ ಅದು ಬರೀ ಗಾದೆಯಲ್ಲ, ಲೆಕ್ಕ.

ಹಾಗಂತ ಕೋಟಿಯಲ್ಲಿ ಒಂದು ಹೊತ್ತಿಸಿದರೆ ಇನ್ನೂ ಲಾಭ ಅಲ್ವಾ? ಅಲ್ಲ. ಆರಿದ ದೀಪಕ್ಕೂ ಬಾಡಿಗೆ ಇದೆ, ಕೊಡ ಸೋರುತ್ತಲೇ ಇರುತ್ತದೆ. ತುಂಬ ಜನರನ್ನು ಸುಮ್ನೆ ಕೂರಿಸಿ ಸಾಕುವುದೂ ದುಬಾರಿ. ಒಂದು ಕಡೆ ಸ್ಪೈಕ್‌ನ ಬೆಲೆ, ಇನ್ನೊಂದು ಕಡೆ ಮೌನದ ಬಾಡಿಗೆ. ಎರಡರ ನಡುವೆ ಎಲ್ಲೋ ಒಂದು ಕಡೆ ಒಂದು ಎಟಿಪಿಗೆ ಅತಿ ಹೆಚ್ಚು ಬಿಟ್ ಸಿಕ್ಕುವ ಜಾಗ ಇದೆ. ವಿಲಿಯಂ ಲೆವಿ ಮತ್ತು ರಾಬರ್ಟ್ ಬ್ಯಾಕ್ಸ್‌ಟರ್ 1996ರಲ್ಲಿ ಈ ಲೆಕ್ಕ ಮಾಡಿ ತೋರಿಸಿದರು. ಆ ಜಾಗ "ಅರ್ಧ ಹೊತ್ತು ಮಿಡಿ" ಅನ್ನುವುದಕ್ಕಿಂತ ಬಹಳ ಕೆಳಗೆ ಬರುತ್ತದೆ.

ಅನುಮಾನರಾಯರೇ, ಮಾಹಿತಿಗೂ ಖರ್ಚಿಗೂ ಸಂಬಂಧ ಏನು ಅಂದಿರಲ್ಲ? ಈ ಕ್ಷಣ ನೀವು ಯೋಚಿಸಿದರೆ ಬಿಲ್ಲು ಏರುತ್ತದೆ ಅನ್ನುವ ಅರ್ಥದ ಸಂಬಂಧ ಅಲ್ಲ. ಬೆಲೆಯೇ ಭಾಷೆಯನ್ನು ರೂಪಿಸಿದೆ. ತಂತಿ (ಟೆಲಿಗ್ರಾಂ) ಕಳಿಸುವ ಕಾಲದಲ್ಲಿ ಪದಕ್ಕೆ ಇಷ್ಟು ಅಂತ ಇದ್ದದ್ದಕ್ಕೇ ಜನ "ಹೊರಟೆ ನಾಳೆ ಬರುವೆ" ಅಂತ ಬರೆಯುತ್ತಿದ್ದರು. ಮೆದುಳು ಯಾವಾಗಲೂ ತಂತಿಯನ್ನೇ ಕಳಿಸುತ್ತದೆ.

ಅನುಮಾನರಾಯ

ಈಗ ಹಾದಿಗೆ ಬಂತು. ಆದರೆ ಆರು ಸೆಕೆಂಡಿಗೆ ಒಂದು ಸ್ಪೈಕ್ ಅಂದರೆ, "ಸೆಕೆಂಡಿಗೆ ಎಷ್ಟು" ಅಂತ ಎಣಿಸುವ ಏಡ್ರಿಯನ್ ಪದ್ಧತಿ ನಡೆಯುವುದು ಹೇಗೆ? ಎಣಿಸಲು ಏನಿದೆ?

ಎರಡನೇವರ್ಷ

ಅದು ಸರಾಸರಿ ಅಲ್ವಾ ಸರ್. ಕೆಲಸ ಬಂದಾಗ ಕೆಲವು ಕೋಶ ಜೋರಾಗಿ ಮಿಡಿಯುತ್ತವೆ, ಉಳಿದವು ಸುಮ್ಮನಿರುತ್ತವೆ.

ಸೋರುವಕೊಡ

ಅದು ಸರಿ. ಆದರೂ ಅನುಮಾನರಾಯರು ಹಿಡಿದ ಎಳೆ ಗಟ್ಟಿ. 1996ರಲ್ಲಿ ಸೈಮನ್ ಥಾರ್ಪ್ ತಂಡ ಜನರಿಗೆ ಚಿತ್ರಗಳನ್ನು ಮಿಂಚಿನ ಹಾಗೆ ತೋರಿಸಿ ಮಾಯ ಮಾಡಿತು. ಅದರಲ್ಲಿ ಪ್ರಾಣಿ ಇತ್ತಾ ಇಲ್ಲವಾ ಅಷ್ಟೇ ಪ್ರಶ್ನೆ. ಸುಮಾರು 150 ಮಿಲಿಸೆಕೆಂಡ್‌ಗೆ ಮೆದುಳಿನ ಸಂಕೇತದಲ್ಲಿ ಉತ್ತರ ಕಾಣಿಸಿತು. ಕಣ್ಣಿಂದ ಅಲ್ಲಿಯವರೆಗೆ ಹಲವು ಹಂತ ದಾಟಬೇಕು. ಒಂದು ಹಂತಕ್ಕೆ ಸಿಕ್ಕುವುದು 10-15 ಮಿಲಿಸೆಕೆಂಡ್. ಅಷ್ಟರಲ್ಲಿ ಒಂದು ಕೋಶ ಒಂದು ಸ್ಪೈಕ್ ಕೊಟ್ಟರೆ ಹೆಚ್ಚು. ಎಣಿಸುತ್ತಾ ಕೂರಲು ಪುರುಸೊತ್ತೇ ಇಲ್ಲ. ಯಾರು ಮೊದಲು ಮಿಡಿದರು ಅನ್ನುವುದೇ ಸುದ್ದಿ ಆಗಿರಬೇಕು ಅನ್ನುವುದು ಅವರ ವಾದ.

ಸಮಯಕ್ಕೆ ಅತಿ ಚೊಕ್ಕ ಉದಾಹರಣೆ ಕಣಜ ಗೂಬೆ. ಇಲಿ ಸರಕ್ ಅಂದ ಸದ್ದು ಎರಡು ಕಿವಿಗೂ ಒಂದೇ ಸಲ ಮುಟ್ಟುವುದಿಲ್ಲ. ಗೂಬೆಯ ಕಿವಿ 10 ಮೈಕ್ರೋಸೆಕೆಂಡ್‌ನಷ್ಟು ವ್ಯತ್ಯಾಸ ಹಿಡಿಯುತ್ತದೆ. ಸ್ಪೈಕ್‌ನ ಅಗಲವೇ ಅದರ ನೂರು ಪಟ್ಟು, ನೋಡಿ! ಮಂಜುಗಟ್ಟಿದ ಮೊಳೆಯಲ್ಲಿ ಕೂದಲೆಳೆ ಅಳೆದ ಹಾಗೆ. ಆದರೆ ಇಂಥ ಕೆಲಸಕ್ಕೆ ಬೇಕಾದ ವೇಗದ ಕೋಶಗಳು ದುಬಾರಿ. ಅವುಗಳಲ್ಲಿ ಪೊಟ್ಯಾಶಿಯಂ ಬಾಗಿಲು ಬೇಗ ತೆರೆಯುತ್ತದೆ, ಸೋಡಿಯಂ ಬಾಗಿಲು ಮುಚ್ಚುವ ಮೊದಲೇ. ಸ್ಕ್ವಿಡ್ ಕಥೆಯೇ ಮತ್ತೆ.

ಹಾಗಾಗಿ ಸಂಖ್ಯೆಯಾ, ಸಮಯವಾ ಅಂತ ನನ್ನನ್ನು ಪಟ್ಟು ಹಿಡಿದು ಕೇಳಿದರೆ, ಎರಡೂ. ಯಾವ ಕೋಶ, ಯಾವ ಕೆಲಸ ಅನ್ನುವುದರ ಮೇಲೆ ಹೋಗುತ್ತದೆ.

ಓಮ್ಮೀಟರ್

ಮಂಜುಗಟ್ಟಿದ ಮೊಳೆ??

ಸೋರುವಕೊಡ

ರಾತ್ರಿ ಹನ್ನೆರಡಾಗಿದೆ. "ದಪ್ಪ ಮೊಳೆ" ಅಂತ ಓದಿಕೊಳ್ಳಿ. ಫೋನ್ ತಿದ್ದಿಬಿಟ್ಟಿದೆ.

ಓಮ್ಮೀಟರ್

😀 ಸರಿ, ನನ್ನ ಗಂಭೀರ ಪ್ರಶ್ನೆ. ಆನ್-ಆಫ್ ಸಂಕೇತ ಯಾಕೆ? ವೋಲ್ಟೇಜ್ ಏರಿಳಿತವನ್ನು ಹಾಗೇ ಕಳಿಸಿದರೆ ಒಂದು ಸೆಕೆಂಡಿಗೆ ಎಷ್ಟೋ ಜಾಸ್ತಿ ಮಾಹಿತಿ ಹೋಗುತ್ತದೆ.

ಸೋರುವಕೊಡ

ಹತ್ತಿರದಲ್ಲಿ ಹಾಗೇ ಕಳಿಸುತ್ತವೆ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ಮೊದಲ ಹಂತಗಳೆಲ್ಲ ಏರಿಳಿತವೇ, ಸ್ಪೈಕ್ ಇಲ್ಲ. ಆದರೆ ಏರಿಳಿತ ದೂರ ಹೋಗುವುದಿಲ್ಲ. ಸೋರುವ ಕೊಳವೆಯಲ್ಲವಾ? ಒಂದೆರಡು ಮಿಲಿಮೀಟರ್‌ಗೆ ಬತ್ತಿಹೋಗುತ್ತದೆ. ಸ್ಪೈಕ್ ದಾರಿಯುದ್ದಕ್ಕೂ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ. ಕಣ್ಣಿಂದ ಮೆದುಳಿಗೆ ಹೋಗುವ ಕೊನೆಯ ಹಂತದಲ್ಲಿ ಸ್ಪೈಕ್ ಬರುವುದು ಅದಕ್ಕೇ.

ಒಂದು ಬಿಟ್‌ಗೆ ಎಷ್ಟು ಬೀಳುತ್ತದೆ ಅಂತ 1998ರಲ್ಲಿ ಲಾಫ್ಲಿನ್ ಮತ್ತು ಜೊತೆಗಾರರು ನೊಣದ ಕಣ್ಣಿನಲ್ಲಿ ಲೆಕ್ಕ ಹಾಕಿದರು. ಒಂದು ಸಿನಾಪ್ಸ್‌ನಲ್ಲಿ ಬಿಟ್‌ಗೆ ಸುಮಾರು 10,000 ಎಟಿಪಿ. ಇಡೀ ಕೋಶದ ಲೆಕ್ಕಕ್ಕೆ ಬಂದರೆ 10 ಲಕ್ಷದಿಂದ 1 ಕೋಟಿ ಎಟಿಪಿ.

ಓಮ್ಮೀಟರ್

ಭೌತವಿಜ್ಞಾನಿ ಲ್ಯಾಂಡೌವರ್ 1961ರಲ್ಲಿ ಒಂದು ಬಿಟ್ ಅಳಿಸಲು ಬೇಕಾದ ಕನಿಷ್ಠ ಶಕ್ತಿ ಹೇಳಿದ್ದರು. ದೇಹದ ಬಿಸಿಯಲ್ಲಿ ಒಂದು ಎಟಿಪಿಯೇ ಆ ಮಿತಿಯ 25-30 ಪಟ್ಟು. 10,000 ಎಟಿಪಿ ಅಂದರೆ ಎರಡೂವರೆ ಮೂರು ಲಕ್ಷ ಪಟ್ಟು ಮೇಲೆ. ಹಾಗಾದರೆ ಮೆದುಳು ಜಿಪುಣ ಅನ್ನುವುದು ಹೊಗಳಿಕೆ ಜಾಸ್ತಿ ಆಯಿತೇನೋ.

ಸೋರುವಕೊಡ

ಒಪ್ಪಿದೆ. ಅದು ಗದ್ದಲಕ್ಕೆ ಕಟ್ಟುವ ಬೆಲೆ. ಬಾಗಿಲುಗಳು ತಮ್ಮಷ್ಟಕ್ಕೆ ತೆರೆದು ಮುಚ್ಚುತ್ತಿರುತ್ತವೆ. ಒಂದು ಮಾತು ಕೇಳಿಸಬೇಕಾದರೆ ಸಾವಿರ ಬಾಯಿ ಸೇರಿ ಹೇಳಬೇಕು. ಮೆದುಳು ಜಿಪುಣ ನಿಜ, ಆದರೆ ಅದರ ಕೈಗೆ ಸಿಕ್ಕಿರುವುದು ಒದ್ದೆ, ಸೋರುವ, ನಡುಗುವ ಸಾಮಾನು.

ರಾತ್ರಿಪಾಳಿ

ನಾಲ್ಕು ದಿನದಿಂದ ಸುಮ್ನೆ ಓದುತ್ತಿದ್ದೆ. ನಾನು ನರ್ಸ್. ಮೆದುಳಿಗೆ ರಕ್ತ ನಿಂತರೆ ಎಚ್ಚರ ತಪ್ಪಲು 10 ಸೆಕೆಂಡ್ ಸಾಕು ಅಂತ ನಮಗೆ ಕಲಿಸಿದ್ದಾರೆ. ಯಾಕೆ ಅಷ್ಟು ಬೇಗ ಅಂತ ಇವತ್ತು ಹೊಳೆಯಿತು. ದಾಸ್ತಾನು ಇಲ್ಲವೇ ಇಲ್ಲ ಅಲ್ವಾ?

ಸೋರುವಕೊಡ

ಹೆಚ್ಚುಕಡಿಮೆ ಇಲ್ಲ. ಅಂದಂದಿನ ಕೂಲಿ ಅಂದಂದಿಗೆ. ಇದನ್ನು ನಾನು ಒಂದು ಸಲ ಕಣ್ಣಾರೆ ಕಂಡೆ, ಅದೂ ನನ್ನದೇ ತಪ್ಪಿನಿಂದ.

ಹೋಳನ್ನು ಬದುಕಿಸಿ ಇಡಲು ಉಪ್ಪುನೀರಿಗೆ ಆಮ್ಲಜನಕದ ಗುಳ್ಳೆ ಬಿಡುತ್ತಾ ಇರಬೇಕು. ಆ ಗುಳುಗುಳು ಸದ್ದು ಕಿವಿಗೆ ಎಷ್ಟು ರೂಢಿ ಅಂದರೆ ಕೇಳಿಸುವುದೇ ಇಲ್ಲ. ಅವತ್ತು ಸ್ಪೀಕರ್ ಹಾಕಿಕೊಂಡಿದ್ದೆ. ಒಂದೊಂದು ಸ್ಪೈಕ್‌ಗೂ "ಟಕ್" ಅನ್ನುತ್ತದೆ. ಪರದೆಯ ಮೇಲೆ −68 ಮಿಲಿವೋಲ್ಟ್. ಕೋಶ ಬಂಗಾರದಂಥದ್ದು, ಸ್ಥಿರವಾಗಿ ಕೂತಿತ್ತು. ಎಷ್ಟೋ ಹೊತ್ತಿಗೊಮ್ಮೆ ಟಕ್. ಮತ್ತೆ ಮೌನ. ಆಮೇಲೆ ನೋಡಿದರೆ −64. ನಳಿಗೆ ಜಾರಿತೇನೋ ಅಂದುಕೊಂಡೆ. −60. ಟಕ್ ಟಕ್ ಹತ್ತಿರ ಹತ್ತಿರ ಬಂತು. −55ಕ್ಕೆ ಟಕಟಕಟಕ ಅಂತ ಒಂದೇ ಸಮನೆ, ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ನಾನು ಖುಷಿಯಿಂದ ರೆಕಾರ್ಡ್ ಮಾಡುತ್ತಿದ್ದೇನೆ! ಆಮೇಲೆ ಸ್ಪೈಕ್‌ಗಳು ಕುಳ್ಳಗಾದವು, ಇನ್ನೂ ಕುಳ್ಳಗಾದವು, ವೋಲ್ಟೇಜ್ ಒಂದೇ ಜಾರಿಗೆ ಸೊನ್ನೆಯ ಹತ್ತಿರ ಹೋಯಿತು. ಸ್ಪೀಕರ್ ಸ್ತಬ್ಧ. ಆಗ ಕಿವಿಗೆ ಬಿತ್ತು. ಗುಳುಗುಳು ಸದ್ದು ಇರಲಿಲ್ಲ. ಸಿಲಿಂಡರ್ ಖಾಲಿ. ಬೆಳಿಗ್ಗೆ ಸಿಲಿಂಡರ್ ಮಾಪಕದ ಮುಳ್ಳು ನೋಡಬೇಕಿತ್ತು, ನೋಡಿರಲಿಲ್ಲ.

ಪಂಪ್ ನಿಂತಿತು, ಕೊಡ ತುಂಬಿತು, ಅಷ್ಟೇ. ಕಾಸು ಮುಗಿದಾಗ ಕೋಶ ಮೊದಲು ಮೌನ ಆಗಲಿಲ್ಲ ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ. ಮೊದಲು ಅರ್ಥವಿಲ್ಲದೆ ಕೂಗಿತು. ಸುಮ್ಮನಿರುವುದಕ್ಕೂ ದುಡ್ಡು ಬೇಕು.

ರಾತ್ರಿಪಾಳಿ

ಇದು ಓದಿ ಮೈ ಜುಮ್ ಅಂತು. ನನಗೆ ಮೈಗ್ರೇನ್ ಇದೆ. ತಲೆನೋವಿಗೆ ಮೊದಲು ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆ ಬರುತ್ತದೆ. ಓದುತ್ತಿರುವ ಅಕ್ಷರದ ಪಕ್ಕದಲ್ಲೇ ಒಂದು ಚುಕ್ಕಿಯಾಗಿ ಶುರು. ನಿಧಾನಕ್ಕೆ ಕುಡುಗೋಲಿನ ಆಕಾರಕ್ಕೆ ಅಗಲವಾಗುತ್ತಾ ಅಂಚಿಗೆ ಹೋಗಿ ಮಾಯವಾಗುತ್ತದೆ. ಅದರ ಹಿಂದೆ ಏನೂ ಕಾಣದ ಖಾಲಿ ಜಾಗ. ಕಳೆದ ಸಲ ಗಡಿಯಾರ ನೋಡಿದೆ, 22 ನಿಮಿಷ. ಮೊದಲು ಕೂಗು, ಆಮೇಲೆ ಮೌನ. ಇದೂ ಅದೇನಾ?

ಸೋರುವಕೊಡ

ಅದರ ಹತ್ತಿರದ ನೆಂಟ. ಕಾರ್ಲ್ ಲ್ಯಾಶ್ಲಿ ತಮ್ಮದೇ ಮೈಗ್ರೇನ್ ಗೆರೆಯನ್ನು ನಿಮಿಷ ನಿಮಿಷಕ್ಕೂ ಕಾಗದದ ಮೇಲೆ ಬರೆದು, ತೊಗಟೆಯಲ್ಲಿ ಏನೋ ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ತೆವಳುತ್ತಿದೆ ಅಂತ 1941ರಲ್ಲಿ ಬರೆದರು. ಮೂರು ವರ್ಷದ ಮೇಲೆ ಲಿಯಾವೊ ಮೊಲದ ಮೆದುಳಿನಲ್ಲಿ ಅಷ್ಟೇ ನಿಧಾನದ ಅಲೆಯನ್ನು ಕಂಡರು. ಅಲೆಯ ಮುಂಚೂಣಿಯಲ್ಲಿ ಕೋಶಗಳೆಲ್ಲ ಒಟ್ಟಿಗೆ ವೋಲ್ಟೇಜ್ ಕಳೆದುಕೊಳ್ಳುತ್ತವೆ, ಹಿಂದೆ ಹಲವು ನಿಮಿಷ ಮೌನ. ನನ್ನ ಹೋಳಿಗೂ ನಿಮಗೂ ವ್ಯತ್ಯಾಸ ಅಂದರೆ, ನಿಮ್ಮಲ್ಲಿ ರಕ್ತ ಹರಿಯುತ್ತಿದೆ. ಪಂಪ್‌ಗಳು ಬೆವರು ಸುರಿಸಿ ಎಲ್ಲ ಸೋಡಿಯಂ ಮತ್ತೆ ಹೊರಹಾಕುತ್ತವೆ. ಆಮ್ಲಜನಕ ಸಿಗುತ್ತಿದ್ದರೆ ಕೋಶ ಚೇತರಿಸಿಕೊಳ್ಳುತ್ತದೆ.

ಅನುಮಾನರಾಯ

ಕೊನೆಯ ಅನುಮಾನ. ಉಪವಾಸ ಬಿದ್ದರೆ? ಹೊಟ್ಟೆ ಖಾಲಿ ಆದರೂ ಮೆದುಳಿನ ಪಾಲು ಕಡಿಮೆಯಾಗುವುದಿಲ್ಲ ಅನ್ನುತ್ತಾರೆ.

ಎರಡನೇವರ್ಷ

ಇದಕ್ಕೆ 2022ರ ಒಂದು ಪ್ರಯೋಗ ಇದೆ, ನಮ್ಮ ತರಗತಿಯಲ್ಲಿ ಚರ್ಚೆ ಮಾಡಿದ್ದೆವು. ಬೆಳೆದ ಗಂಡು ಸುಂಡಿಲಿಗಳ ಮೇಲೆ. ಕೆಲವು ವಾರ ಊಟ ಕಡಿಮೆ ಮಾಡಿದರು. ನೋಟದ ತೊಗಟೆಯ ಸಿನಾಪ್ಸ್‌ಗಳಲ್ಲಿ ಎಟಿಪಿ ಬಳಕೆ 29% ಇಳಿಯಿತು. ಸ್ಪೈಕ್‌ಗಳ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು! ಸಿನಾಪ್ಸ್‌ನ ಕರೆಂಟ್ ಕಡಿಮೆ ಮಾಡಿ, ಕೋಶವನ್ನು ಹೊಸ್ತಿಲ ಹತ್ತಿರಕ್ಕೆ ಸರಿಸಿ ಉಳಿತಾಯ ಮಾಡಿಕೊಂಡಿದ್ದವು. ಬೆಲೆ ಕಟ್ಟಿದ್ದು ನಿಖರತೆಯಲ್ಲಿ. ಒಂದು ಕೋಶ ಇಂಥ ಓರೆಯ ಗೆರೆಗೇ ಮಿಡಿಯಬೇಕು ಅಂತ ಇರುತ್ತದಲ್ಲ, ಆ ಆಯ್ಕೆ 32% ಅಗಲವಾಯಿತು. ಹೊಟ್ಟೆತುಂಬಿದ ಸೂಚನೆ ಕೊಡುವ ಲೆಪ್ಟಿನ್ ಹಾರ್ಮೋನ್ ಕೊಟ್ಟಾಗ ಮತ್ತೆ ಸರಿಹೋಯಿತು.

ಪ್ರಶ್ನೆಪೆಟ್ಟಿಗೆ

ಅಂದರೆ ಪದಗಳ ಸಂಖ್ಯೆ ಅಷ್ಟೇ, ಆದರೆ ಮಾತು ಮಬ್ಬು. ಬಜೆಟ್ ಕಡಿತದಲ್ಲಿ ಎಲ್ಲ ಕಡೆ ನಡೆಯುವುದೂ ಇದೇ. ಸಿಬ್ಬಂದಿ ಅಷ್ಟೇ ಇರುತ್ತಾರೆ, ಕೆಲಸದ ಗುಣ ಇಳಿಯುತ್ತದೆ.

ಇನ್ನೊಂದು. ದೀಪ ಆರಿಸಿ ಕತ್ತಲಲ್ಲಿ ಮಲಗಿದರೆ ಕಣ್ಣಿನ ಮಟ್ಟಿಗಾದರೂ ಖರ್ಚು ಉಳಿಯುತ್ತದೆ ಅಲ್ವಾ? ಹಾಗೆ ಒಂದು ಸಾಲು ಬರೆದುಕೊಂಡಿದ್ದೇನೆ.

ಸೋರುವಕೊಡ

ಆ ಸಾಲು ಹೊಡೆದುಹಾಕಿ. ಕಣ್ಣಿನ ಕಡ್ಡಿಕೋಶಗಳು, ಅಂದರೆ ಮಂದ ಬೆಳಕು ಹಿಡಿಯುವ ಕೋಶಗಳು, ತಿರುಗುಮುರುಗು. ಅವುಗಳ ಬಾಗಿಲು ಕತ್ತಲಲ್ಲಿ ತೆರೆದಿರುತ್ತವೆ, ಬೆಳಕು ಬಿದ್ದಾಗ ಮುಚ್ಚುತ್ತವೆ. ಸುಂಡಿಲಿಯ ಒಂದು ಕಡ್ಡಿಕೋಶ ಕತ್ತಲಲ್ಲಿ ಸೆಕೆಂಡಿಗೆ ಸುಮಾರು 10 ಕೋಟಿ ಎಟಿಪಿ ಸುಡುತ್ತದೆ. ಜೋರು ಬೆಳಕಿನಲ್ಲಿ ಅದು ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿಯುತ್ತದೆ.

ಪ್ರಶ್ನೆಪೆಟ್ಟಿಗೆ

ಕತ್ತಲಿಗೆ ಬಿಲ್ಲು ಜಾಸ್ತಿಯಾ! ಹೊಡೆದುಹಾಕಿದೆ. ಇನ್ನು ನಿದ್ದೆಯ ಲೆಕ್ಕ ಯಾರಾದರೂ ಕೊಡಿ, ಹಾಳೆಯಲ್ಲಿ ಒಂದು ಅಂಕಣ ಖಾಲಿ ಇದೆ.

ರಾತ್ರಿಪಾಳಿ

ಗಾಢ ನಿದ್ದೆಯಲ್ಲಿ ಮೆದುಳಿನ ಗ್ಲೂಕೋಸ್ ಬಳಕೆ ಚೆನ್ನಾಗಿ ಇಳಿಯುತ್ತದೆ. ಕನಸಿನ ನಿದ್ದೆಯಲ್ಲಿ ಮತ್ತೆ ಎಚ್ಚರದ ಮಟ್ಟಕ್ಕೇ ಏರುತ್ತದೆ. ನನ್ನ ಪಾಳಿ ಶುರುವಾಯಿತು, ಆಮೇಲೆ ಸಿಗುತ್ತೇನೆ.

ಸೋರುವಕೊಡ

ನಾನೂ ಹೊರಟೆ. ಬೆಳಿಗ್ಗೆ ಹೋಳು ಹಾಕಬೇಕು. ಮುಳ್ಳು ನೋಡಿ ಬಂದಿದ್ದೇನೆ, ಸಿಲಿಂಡರ್ ಅರ್ಧ ಇದೆ.